ಹಳೆಯ ಕನ್ನಡ ಫೈಲುಗಳು ತೆರೆಯುತ್ತಿಲ್ಲ, ತೆರೆದವನ್ನು ಓದಲಾಗುತ್ತಿಲ್ಲ: ಜಾನಪದ ಸಂಗ್ರಹವನ್ನು ಉಳಿಸಿಕೊಳ್ಳುವ ಬಗೆ ಹೇಗೆ?

ಲಕ್ಷ್ಮೇಶ್ವರ ಮಾಸ್ತರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. 1988ರಿಂದ 1996ರವರೆಗೆ ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ರಜೆಯ ದಿನಗಳಂದು ತಿರುಗಾಡಿ, ಹೆಣ್ಣುಮಕ್ಕಳು ಹೇಳುತ್ತಿದ್ದ ಬೀಸುವ ಪದ, ಸೋಬಾನ ಪದ ಮತ್ತು ಜೋಗುಳಗಳನ್ನು ನೋಟುಬುಕ್ಕುಗಳಲ್ಲಿ ಬರೆದುಕೊಂಡಿದ್ದೆ. ಗದಗ ಮೊದಲಿನಿಂದಲೂ ಅಚ್ಚುಕೂಟಗಳ ಊರಾದ್ದರಿಂದ ಟೈಪು ಮಾಡುವವರಿಗೆ ಅಲ್ಲಿ ಕೊರತೆ ಇರಲಿಲ್ಲ. 2003ರಿಂದ 2008ರ ನಡುವೆ ಅಲ್ಲಿಯ ಒಂದು ಡಿಟಿಪಿ ಅಂಗಡಿಯಲ್ಲಿ ಇಷ್ಟಿಷ್ಟೇ ಹಣ ಕೊಟ್ಟು ಎಲ್ಲವನ್ನೂ ಟೈಪು ಮಾಡಿಸಿ, ಎರಡು ಸಿಡಿ ಮತ್ತು ಒಂದು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಕಪಾಟಿನಲ್ಲಿ ಇಟ್ಟಿದ್ದೆ. ಅಂಗಡಿ ಈಗ ಇಲ್ಲ. ನೋಟುಬುಕ್ಕುಗಳಲ್ಲಿ ಕೆಲವನ್ನು ಗೆದ್ದಲು ತಿಂದಿದೆ. ಪುಸ್ತಕ ಅಚ್ಚು ಮಾಡಿಸೋಣವೆಂದು ಈ ವರ್ಷ ಅವನ್ನೆಲ್ಲ ಹೊರಗೆ ತೆಗೆದಾಗ ಸಮಸ್ಯೆ ಎದುರಾಯಿತು.

ಮೊದಲನೆಯ ಸಿಡಿಯಲ್ಲಿ 32 ಫೈಲುಗಳಿವೆ. ಅವುಗಳಲ್ಲಿ 23 ವರ್ಡ್ ಫೈಲುಗಳು, 9 ಅಚ್ಚಿಗೆ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದ ಫೈಲುಗಳು. ವರ್ಡ್ ಫೈಲುಗಳ ಪೈಕಿ 15 ತೆರೆಯುತ್ತವೆ, ಆದರೆ ಕನ್ನಡ ಇರಬೇಕಾದ ಕಡೆ ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ಅಕ್ಷರಗಳೂ, ಹಣದ ಗುರುತುಗಳೂ ಕಲಸಿಕೊಂಡು ಕಾಣಿಸುತ್ತವೆ. ಉಳಿದ 8 ಫೈಲುಗಳು ತೆರೆಯುವುದೇ ಇಲ್ಲ; ಕೆಲವಕ್ಕೆ ಫೈಲು ಹಾಳಾಗಿದೆ ಎಂಬ ಸಂದೇಶ ಬರುತ್ತದೆ, ಕೆಲವಕ್ಕೆ ಈ ಬಗೆಯ ಫೈಲನ್ನು ತಡೆಯಲಾಗಿದೆ ಎಂಬ ಸಂದೇಶ ಬರುತ್ತದೆ. ಪೇಜ್‌ಮೇಕರ್ ಫೈಲುಗಳನ್ನು ಒತ್ತಿದರೆ ಯಾವ ತಂತ್ರಾಂಶದಲ್ಲಿ ತೆರೆಯಬೇಕೆಂದು ಕಂಪ್ಯೂಟರು ನನ್ನನ್ನೇ ಕೇಳುತ್ತದೆ. ನನ್ನ ಮೊಮ್ಮಗ ಅವುಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡಾಗ ಒಂದರ ಹೆಸರಿನ ಬಾಲವನ್ನು (ಚುಕ್ಕಿಯ ನಂತರದ ಅಕ್ಷರಗಳನ್ನು) ಬದಲಿಸಿ ವರ್ಡ್ ಫೈಲಿನಂತೆ ಮಾಡಿ ನೋಡಿದ, ಅದೂ ತೆರೆಯಲಿಲ್ಲ. (ಮೇಲಿನ ಎಂಟರಲ್ಲಿ ಅದೂ ಸೇರಿ ಹೋಗಿದೆ, ಲೆಕ್ಕದಲ್ಲಿ ಗೊಂದಲವಾಗದಿರಲೆಂದು ಹೇಳಿದೆ.)

ಎರಡನೆಯ ಸಿಡಿಯನ್ನು ಹಾಕಿದರೆ ಡ್ರೈವು ಗಿರ್ರೆಂದು ತಿರುಗಿ ಸುಮ್ಮನಾಗುತ್ತದೆ. ಅದರ ಮೇಲೆ ನಾನು ಅಂಟಿನಿಂದ ಹೆಸರಿನ ಚೀಟಿ ಹಚ್ಚಿದ್ದೆ, ಅದು ಅರ್ಧ ಎದ್ದಿದೆ. ಪೆನ್‌ಡ್ರೈವಿನಲ್ಲಿ ಎಲ್ಲ ಫೋಲ್ಡರುಗಳ ಹೆಸರೂ ಕಾಣುತ್ತವೆ, ಆದರೆ ಪ್ರತಿಯೊಂದೂ ಒಂದೆರಡು ಕೆಬಿ ಅಳತೆಯ ಶಾರ್ಟ್‌ಕಟ್ ಆಗಿದೆ. ಇಲ್ಲಿಯ ಅಂಗಡಿಯೊಂದರಲ್ಲಿ ತೋರಿಸಿದಾಗ ಫಾರ್ಮ್ಯಾಟ್ ಮಾಡದೆ ಗತಿಯಿಲ್ಲ ಎಂದರು. ಒಪ್ಪದೆ ಮನೆಗೆ ತಂದಿದ್ದೇನೆ.

ನನ್ನಲ್ಲಿ ವಿಂಡೋಸ್ 10 ಇರುವ ಲ್ಯಾಪ್‌ಟಾಪ್ ಇದೆ. ಕಂಪ್ಯೂಟರಿನ ಅಭ್ಯಾಸ ಸಾಧಾರಣ ಮಟ್ಟದ್ದು. ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದರಿಂದ ಆರಂಭಿಸಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಹಾವೇರಿ ಏಲಕ್ಕಿ

ಸರ್, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಲು ನೀವು ಒಪ್ಪದಿದ್ದುದು ದೊಡ್ಡ ಪುಣ್ಯ. ನೀವು ಹೇಳಿದ ಲಕ್ಷಣ ಹಿಂದೊಮ್ಮೆ ಝೆರಾಕ್ಸ್ ಅಂಗಡಿಗಳಲ್ಲಿ, ಸೈಬರ್ ಕೆಫೆಗಳಲ್ಲಿ ಮನೆಮಾತಾಗಿದ್ದ ಶಾರ್ಟ್‌ಕಟ್ ವೈರಸ್ಸಿನದು. ಅದು ನಿಜವಾದ ಫೋಲ್ಡರುಗಳನ್ನು ಅಳಿಸುವುದಿಲ್ಲ. ಅವುಗಳಿಗೆ ಅಡಗಿದ ಫೈಲು, ಸಿಸ್ಟಂ ಫೈಲು ಎಂಬ ಎರಡು ಗುರುತು ಹಚ್ಚಿ ಕಣ್ಮರೆ ಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದೆ ನಿಲ್ಲಿಸುತ್ತದೆ. ಆ ಶಾರ್ಟ್‌ಕಟ್ಟನ್ನು ಒತ್ತಿದರೆ ವೈರಸ್ಸು ನಿಮ್ಮ ಲ್ಯಾಪ್‌ಟಾಪಿಗೂ ದಾಟಿಕೊಳ್ಳುತ್ತದೆ, ಆದ್ದರಿಂದ ಇನ್ನು ಮೇಲೆ ಅದನ್ನು ಮುಟ್ಟಬೇಡಿ.

ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆಯನ್ನು ಆರಿಸಿ. ಅದಷ್ಟೇ ಸಾಲದು, ಅದರ ಕೆಳಗೆ ಸಂರಕ್ಷಿತ ಸಿಸ್ಟಂ ಫೈಲುಗಳನ್ನು ಅಡಗಿಸು ಎಂಬರ್ಥದ ಇನ್ನೊಂದು ಸಾಲಿದೆ, ಅದರ ಮುಂದಿನ ಟಿಕ್ ಗುರುತನ್ನೂ ತೆಗೆಯಬೇಕು. ಹೆಚ್ಚಿನವರು ಮೊದಲನೆಯದನ್ನು ಮಾಡಿ, ಎರಡನೆಯದನ್ನು ಬಿಟ್ಟು, ಏನೂ ಇಲ್ಲವೆಂದು ಕೈಚೆಲ್ಲುತ್ತಾರೆ. ಆಮೇಲೆ ಮಸುಕಾಗಿ ಕಾಣುವ ಫೋಲ್ಡರಿನ ಒಳಗೆ ಹೋಗಿ ನಿಮ್ಮ ಬರಹದ ಫೈಲುಗಳನ್ನು ಮಾತ್ರ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಳ್ಳಿ. ಪರಿಚಯವಿಲ್ಲದ ಹೆಸರಿನ ಬೇರೆ ಫೈಲುಗಳನ್ನು ತರಬೇಡಿ. ಪೆನ್‌ಡ್ರೈವನ್ನು ಹಾಕುವ ಮುನ್ನ ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಎಂಬ ವೈರಸ್ ತಡೆಯುವ ತಂತ್ರಾಂಶ ಚಾಲೂ ಇದೆಯೇ ಎಂದು ನೋಡಿಕೊಳ್ಳಿ.

ಸಿಡಿಯ ಅಕ್ಷರಗಳ ವಿಷಯಕ್ಕೆ ಬಂದರೆ, ನನ್ನನ್ನು ಕೇಳಿದರೆ ಯಾರಾದರೂ ಹುಡುಗರಿಂದ ಹೊಸದಾಗಿ ಟೈಪು ಮಾಡಿಸುವುದೇ ಬೇಗ ಆಗುವ ಕೆಲಸ.

ಹಳೆ ಮೊಳೆ, ಹುಬ್ಬಳ್ಳಿ

ಮಾಸ್ತರರೇ, ನಾನು ಹುಬ್ಬಳ್ಳಿಯ ಒಂದು ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುವುದರಿಂದ ಆರಂಭಿಸಿ ಪೇಜ್‌ಮೇಕರ್‌ವರೆಗೆ ಬಂದವನು. ನಿಮ್ಮ 15 ಫೈಲುಗಳು ಹಾಳಾಗಿಲ್ಲ ಎಂಬುದನ್ನು ಮೊದಲು ತಿಳಿಸುತ್ತೇನೆ. ಅವುಗಳ ಒಂದಕ್ಷರವೂ ಕಳೆದಿರಲಾರದು.

ಅಂದಿನ ಕನ್ನಡ ಟೈಪಿಂಗ್ ಇಂದಿನಂತೆ ಇರಲಿಲ್ಲ. ಈಗಿನ ಯುನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆ ಇದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ತುಂಗಾ ಎಂಬ ಯುನಿಕೋಡ್ ಫಾಂಟು ಇತ್ತು. ಆದರೂ ನಮ್ಮಂತಹ ಡಿಟಿಪಿಯವರು ಬಹಳ ವರ್ಷ ಅದರ ಕಡೆ ತಿರುಗಿ ನೋಡಲಿಲ್ಲ, ಏಕೆಂದರೆ ನಮ್ಮ ಅನ್ನದ ತಂತ್ರಾಂಶವಾದ ಪೇಜ್‌ಮೇಕರಿಗೆ ಯುನಿಕೋಡ್ ಗೊತ್ತೇ ಇರಲಿಲ್ಲ. ಆದ್ದರಿಂದ ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ ಮುಂತಾದ ತಂತ್ರಾಂಶಗಳಲ್ಲಿ ಟೈಪು ಮಾಡುತ್ತಿದ್ದೆವು. ಅವುಗಳ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರು ಉಳಿಸುತ್ತಿದ್ದುದು ಯುರೋಪಿನ ಭಾಷೆಗಳ ಅಕ್ಷರಗಳ ಸಂಖ್ಯೆಯನ್ನೇ. ಆ ಸಂಖ್ಯೆಗೆ ಫಾಂಟು ಕನ್ನಡದ ಚಿತ್ರವನ್ನು ತೊಡಿಸುತ್ತಿತ್ತು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರ ಕಳಚಿಬಿದ್ದು ಕೆಳಗಿನ ಅಕ್ಷರ ಬತ್ತಲೆಯಾಗಿ ಕಾಣುತ್ತದೆ. ನಿಮಗೆ ಕಾಣುತ್ತಿರುವುದು ಅದೇ.

ಇದನ್ನು ಪರೀಕ್ಷಿಸಲು ಒಂದು ಗುರುತು ಹೇಳುತ್ತೇನೆ. ನುಡಿಯಲ್ಲಿ ಇಂಗ್ಲಿಷಿನ ದೊಡ್ಡ ಪಿ ಎಂದರೆ ತಲೆಕಟ್ಟಿಲ್ಲದ ಕ. ಅದರ ಮುಂದೆ ಎಡಕ್ಕೆ ವಾಲಿದ ಓರೆಗೆರೆಯನ್ನು ತಲೆಯ ಮೇಲೆ ಹೊತ್ತ ದೊಡ್ಡ ಎ ಬಂದರೆ ಅದು ತಲೆಕಟ್ಟು. ಎರಡೂ ಸೇರಿ ಕ ಆಗುತ್ತದೆ. ತಲೆಕಟ್ಟು ಇಲ್ಲದೆ ಕನ್ನಡದ ಸಾಲು ಮುಂದೆ ಹೋಗದಾದ್ದರಿಂದ ಈ ಓರೆಗೆರೆಯ ಎ ಪ್ರತಿ ಪದದಲ್ಲೂ ಒಂದೆರಡು ಸಲ ಕಣ್ಣಿಗೆ ಬೀಳಬೇಕು. ಹಾಗೆ ಬಿದ್ದರೆ ಅದು ನುಡಿ ಅಥವಾ ಬರಹದ ಪಠ್ಯವೆಂದು ತಿಳಿಯಿರಿ. ಇವೆರಡರ ಸಂಕೇತ ಹೆಚ್ಚುಕಡಿಮೆ ಒಂದೇ. ಇನ್ನೂ ಸುಲಭದ ದಾರಿಯೆಂದರೆ ಆ ಪಠ್ಯದ ಮೇಲೆ ಕರ್ಸರ್ ಇಟ್ಟು ವರ್ಡ್‌ನ ಫಾಂಟ್ ಪೆಟ್ಟಿಗೆಯನ್ನು ನೋಡುವುದು. ಫಾಂಟು ನಿಮ್ಮಲ್ಲಿ ಇಲ್ಲದಿದ್ದರೂ ಅದರ ಹೆಸರು ಅಲ್ಲಿ ಉಳಿದಿರುತ್ತದೆ. ನುಡಿ ಎಂದಿದ್ದರೆ ನುಡಿ, ಬಿಆರ್‌ಎಚ್ ಎಂದಿದ್ದರೆ ಬರಹ. ಶ್ರೀ ಎಂದು ಆರಂಭವಾಗಿ ಮುಂದೆ ಅಂಕಿಗಳಿದ್ದರೆ ಅದು ಪುಣೆಯ ಶ್ರೀಲಿಪಿ. ಅದರ ಸಂಕೇತವೇ ಬೇರೆ, ನುಡಿಯ ಪರಿವರ್ತಕಕ್ಕೆ (ಹಳೆಯ ಸಂಕೇತವನ್ನು ಯುನಿಕೋಡಿಗೆ ಬದಲಿಸುವ ತಂತ್ರಾಂಶಕ್ಕೆ) ಕೊಟ್ಟರೆ ಕಸವನ್ನು ಇನ್ನೊಂದು ಬಗೆಯ ಕಸವಾಗಿ ಮರಳಿಸುತ್ತದೆ.

ಓದಿದರೆ ಸಾಕು ಎನ್ನುವುದಾದರೆ ನುಡಿಯ ಫಾಂಟನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಅದೇ ಫೈಲನ್ನು ತೆರೆಯಿರಿ, ಕನ್ನಡ ತಾನಾಗಿಯೇ ಮೂಡುತ್ತದೆ. ಪುಸ್ತಕ ಮಾಡುವುದಾದರೆ ಯುನಿಕೋಡಿಗೆ ಪರಿವರ್ತಿಸುವುದು ಲೇಸು. ನುಡಿ ಮತ್ತು ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ, ಜಾಲತಾಣಗಳಲ್ಲಿ ಉಚಿತವಾದವೂ ಇವೆ. ಮೊದಲು ಒಂದೇ ಹಾಡನ್ನು ಪರಿವರ್ತಿಸಿ ನೋಟುಬುಕ್ಕಿನ ಜೊತೆಗೆ ಸಾಲುಸಾಲಾಗಿ ಹೋಲಿಸಿ ನೋಡಿ, ಆಮೇಲೆ ಉಳಿದವುಗಳಿಗೆ ಕೈ ಹಾಕಿ. ಪರಿವರ್ತನೆ ಮುಗಿಯುವವರೆಗೆ ಮೂಲ ಫೈಲಿನಲ್ಲಿ ಸೇವ್ ಒತ್ತಬೇಡಿ. ವರ್ಡ್ ಆ ಅಕ್ಷರಗಳನ್ನು ಇಂಗ್ಲಿಷ್ ಎಂದೇ ತಿಳಿಯುತ್ತದೆ, ನೀವು ಅದರೊಳಗೆ ಏನನ್ನಾದರೂ ತಿದ್ದಲು ಹೋದಾಗ ವಾಕ್ಯದ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡಿದರೆ ಕನ್ನಡದ ಅಕ್ಷರವೇ ಬದಲಾಗಿ ಹೋಗುತ್ತದೆ.

ಹಾವೇರಿಯವರು ಹೊಸದಾಗಿ ಟೈಪು ಮಾಡಿಸಿ ಎಂದಿದ್ದಾರೆ. ಸರ್ಕಾರಿ ಸುತ್ತೋಲೆಯಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಇವು ಆಡುಮಾತಿನ ಪದಗಳು. ಹೊಂಟಾಳ ಎಂದಿರುವುದನ್ನು ಹೊರಟಿದ್ದಾಳೆ ಎಂದು ತಿದ್ದದ ಟೈಪಿಸ್ಟನನ್ನು ನಾನು ನನ್ನ ವೃತ್ತಿಯಲ್ಲಿ ಇಬ್ಬರನ್ನೋ ಮೂವರನ್ನೋ ಕಂಡಿರಬೇಕು. ಮಾಸ್ತರರು ಒಮ್ಮೆ ಕರಡು ತಿದ್ದಿಸಿ ಒಪ್ಪಿರುವ ಪಠ್ಯ ಇರುವಾಗ ಅದನ್ನೇ ಎತ್ತಿಕೊಳ್ಳಬೇಕು.

ಸಪ್ತಾಪುರದಿಂದ, ಧಾರವಾಡ

ನಾನು ಧಾರವಾಡದ ಗ್ರಂಥಾಲಯವೊಂದರಲ್ಲಿ ಹಳೆಯ ದಾಖಲೆಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ ಮಾಡುತ್ತೇನೆ. ಅಕ್ಷರಗಳ ವಿಷಯವನ್ನು ಹುಬ್ಬಳ್ಳಿಯ ಹಿರಿಯರು ನನಗಿಂತ ಚೆನ್ನಾಗಿ ವಿವರಿಸಿದ್ದಾರೆ. ತೆರೆಯದೆ ಇರುವ 8 ಫೈಲುಗಳು ಮತ್ತು ಎರಡನೆಯ ಸಿಡಿಯ ಬಗ್ಗೆ ಬರೆಯುತ್ತೇನೆ.

ಮೊದಲನೆಯ ಸಿಡಿಯಲ್ಲಿರುವ ಎಲ್ಲವನ್ನೂ ಒಂದು ಫೋಲ್ಡರಿಗೆ ನಕಲು ಮಾಡಿ, ಆ ನಕಲಿನ ಇನ್ನೊಂದು ನಕಲಿನ ಮೇಲೆ ಮಾತ್ರ ಪ್ರಯೋಗ ಮಾಡಿ. ಸಿಡಿಯನ್ನು ಮತ್ತೆ ಡಬ್ಬಿಗೆ ಹಾಕಿ ಬಿಸಿಲು ತಾಗದ ಕಡೆ ಇಡಿ. ಮನೆಯಲ್ಲಿ ಬರೆಯುವ ಸಿಡಿಯಲ್ಲಿ ಮಾಹಿತಿ ಉಳಿಯುವುದು ಬಣ್ಣದ ಒಂದು ಪದರದಲ್ಲಿ, ಅದು ಬಿಸಿಲಿಗೆ ಕೆಡುತ್ತದೆ.

ಆಮೇಲೆ ಆ ಎಂಟು ಫೈಲುಗಳ ಅಳತೆಯನ್ನು ನೋಡಿ. ಯಾವುದಾದರೂ ಸೊನ್ನೆ ಕೆಬಿ ಎಂದು ತೋರಿಸಿದರೆ ಅದರಲ್ಲಿ ಹೆಸರಲ್ಲದೆ ಬೇರೇನೂ ಇಲ್ಲ, ಯಾವ ರಿಪೇರಿ ತಂತ್ರಾಂಶಕ್ಕೂ ಅದರಿಂದ ಏನನ್ನೂ ತೆಗೆಯಲಾಗದು. ಸೇವ್ ಆಗುತ್ತಿರುವಾಗಲೇ ಕರೆಂಟು ಹೋದರೆ ಅಥವಾ ನಕಲು ಮುಗಿಯುವ ಮೊದಲೇ ಪೆನ್‌ಡ್ರೈವನ್ನು ಕಿತ್ತರೆ ಇಂತಹ ಫೈಲುಗಳು ಹುಟ್ಟುತ್ತವೆ, ನಮ್ಮ ಊರುಗಳಲ್ಲಿ ಎರಡಕ್ಕೂ ಕೊರತೆ ಇರಲಿಲ್ಲ. ಅಂತಹವುಗಳನ್ನು ಬೇರೆ ಕಡೆಯೇ ಹುಡುಕಬೇಕು: ಪೆನ್‌ಡ್ರೈವು, ಎರಡನೆಯ ಸಿಡಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಹಳೆಯ ಇಮೇಲ್. ಕರಡನ್ನು ಆಗ ಇಮೇಲಿನಲ್ಲಿ ಕಳಿಸುವ ರೂಢಿ ಇತ್ತಲ್ಲವೇ?

ಅಳತೆ ಇದ್ದೂ ತೆರೆಯದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಸಾಲನ್ನು ಮಾತ್ರ ನೋಡಿ, ಸೇವ್ ಮಾಡದೆ ಮುಚ್ಚಿ. ಸೇವ್ ಮಾಡಿದರೆ ಅಲ್ಲಿಗೆ ಆ ಫೈಲಿನ ಕಥೆ ಮುಗಿಯಿತು. ಫೈಲಿನ ಹೆಸರಿನ ಬಾಲವನ್ನು ಯಾರು ಬೇಕಾದರೂ ಬದಲಿಸಬಹುದು, ಆದರೆ ಒಳಗಿನ ಮೊದಲ ಕೆಲವು ಅಕ್ಷರಗಳು ಅದರ ನಿಜವಾದ ಜಾತಿಯನ್ನು ಹೇಳುತ್ತವೆ. ಬಾಗುಕಂಸದ ನಂತರ ಆರ್‌ಟಿಎಫ್ ಎಂದಿದ್ದರೆ ಅದು ಸರಳವಾದ ಪಠ್ಯದ ಫೈಲು, ವರ್ಡ್‌ಪ್ಯಾಡಿನಲ್ಲಿಯೂ ತೆರೆಯಬಹುದು. ಶೇಕಡಾ ಗುರುತಿನ ಮುಂದೆ ಪಿಡಿಎಫ್ ಎಂದಿದ್ದರೆ ಪಿಡಿಎಫ್. ಪಿಕೆ ಎಂಬ ಎರಡು ಅಕ್ಷರಗಳಿದ್ದರೆ ಅದು ಝಿಪ್ ಕಟ್ಟು. ಆ ಎರಡು ಅಕ್ಷರಗಳು ಝಿಪ್ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನವು. 2007ರ ಆಫೀಸಿನಿಂದ ಬಂದ, ಬಾಲದ ಕೊನೆಗೆ ಎಕ್ಸ್ ಇರುವ (ಡಾಕ್ಸ್) ವರ್ಡ್ ಫೈಲೂ ಒಳಗೆ ಝಿಪ್ಪೇ ಆಗಿರುವುದರಿಂದ, ಅಂತಹ ಫೈಲು ಕೆಟ್ಟರೆ ಬಾಲವನ್ನು ಝಿಪ್ ಎಂದು ಬದಲಿಸಿ ಬಿಚ್ಚಿ, ವರ್ಡ್ ಎಂಬ ಫೋಲ್ಡರಿನಲ್ಲಿರುವ ಡಾಕ್ಯುಮೆಂಟ್ ಫೈಲಿನಿಂದ ಪಠ್ಯವನ್ನು ಕೈಯಿಂದಲೇ ಎತ್ತಿಕೊಳ್ಳಬಹುದು. ನಿಮ್ಮವು ಹೆಚ್ಚಿನವು ಅದಕ್ಕಿಂತ ಹಿಂದಿನವು.

ತಡೆಯಲಾಗಿದೆ ಎಂಬ ಸಂದೇಶ ಬರುವ ಫೈಲುಗಳು ಬಹುಶಃ ಆರೋಗ್ಯವಾಗಿಯೇ ಇವೆ. ಬಹಳ ಹಳೆಯ ವರ್ಡ್ ಆವೃತ್ತಿಗಳ, ಅಂದರೆ ವರ್ಡ್ 95 ಮತ್ತು ಅದಕ್ಕೂ ಹಿಂದಿನವುಗಳ ಫೈಲುಗಳನ್ನು ಈಗಿನ ವರ್ಡ್ ಸುರಕ್ಷತೆಯ ಕಾರಣಕ್ಕೆ ತಡೆಯಬಲ್ಲದು. ವರ್ಡ್‌ನ ಆಪ್ಷನ್ಸ್‌ನಲ್ಲಿ ಟ್ರಸ್ಟ್ ಸೆಂಟರ್, ಅದರೊಳಗೆ ಫೈಲ್ ಬ್ಲಾಕ್ ಸೆಟ್ಟಿಂಗ್ಸ್ ಎಂಬಲ್ಲಿಗೆ ಹೋಗಿ ಆ ಆವೃತ್ತಿಯ ತಡೆಯನ್ನು ತೆಗೆಯಿರಿ, ಫೈಲು ತೆರೆದು ಹೊಸ ಹೆಸರಿನಲ್ಲಿ ಉಳಿಸಿ, ತಡೆಯನ್ನು ಮತ್ತೆ ಹಾಕಿಬಿಡಿ.

ಹಾಳಾಗಿದೆ ಎನ್ನುವವುಗಳಿಗೆ ವರ್ಡ್‌ನ ಓಪನ್ ಗುಂಡಿಯ ಪಕ್ಕದ ಬಾಣದಲ್ಲಿ ಓಪನ್ ಆ್ಯಂಡ್ ರಿಪೇರ್ ಎಂಬ ಆಯ್ಕೆ ಇದೆ. ಅದಕ್ಕೂ ಬಗ್ಗದಿದ್ದರೆ ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನಲ್ಲಿ ತೆರೆದು ನೋಡಿ. ವರ್ಡ್ ಒಲ್ಲೆನೆಂದ ಹಳೆಯ ವರ್ಡ್ ಫೈಲುಗಳನ್ನು ಲಿಬ್ರೆ ಆಫೀಸು ತೆರೆದುಕೊಟ್ಟದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಪುಟದ ಅಂದ ಕೆಡಬಹುದು, ಪಠ್ಯ ಬಂದರೆ ನಿಮಗೆ ಸಾಕಲ್ಲವೇ. ಹಣ ಕೊಟ್ಟರೆ ಫೈಲು ಸರಿಪಡಿಸುತ್ತೇವೆ ಎನ್ನುವ ಜಾಲತಾಣಗಳಿಗೆ ಮಾತ್ರ ನಿಮ್ಮ ಸಂಗ್ರಹವನ್ನು ಕಳಿಸಬೇಡಿ.

ಎರಡನೆಯ ಸಿಡಿಯ ಚೀಟಿಯನ್ನು ದಯವಿಟ್ಟು ಕೀಳಬೇಡಿ. ಸಿಡಿಯ ಹೊಳೆಯುವ ಕೆಳಬದಿಯಲ್ಲಿ ದಪ್ಪ ಪ್ಲಾಸ್ಟಿಕ್ ಇರುತ್ತದೆ, ಅಲ್ಲಿಯ ಗೀರು ಅಷ್ಟು ಅಪಾಯಕಾರಿಯಲ್ಲ. ಮಾಹಿತಿಯ ಪದರ ಇರುವುದು ಹೆಸರು ಬರೆಯುವ ಮೇಲ್ಬದಿಗೆ ಅಂಟಿಕೊಂಡು. ಚೀಟಿಯ ಜೊತೆಗೆ ಅದೂ ಸಿಪ್ಪೆಯಂತೆ ಎದ್ದು ಬರುತ್ತದೆ. ಎದ್ದಿರುವ ಕಾಗದ ಡ್ರೈವಿಗೆ ತಾಗದಂತೆ ಮೆಲ್ಲಗೆ ಒತ್ತಿ ಕೂರಿಸಿ, ಕೆಳಬದಿಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ (ಸುತ್ತಾಗಿ ಅಲ್ಲ), ಬೇರೆ ಬೇರೆ ಡ್ರೈವುಗಳಲ್ಲಿ ಹಾಕಿ ನೋಡಿ. ಒಂದು ಡ್ರೈವು ಓದದ ಸಿಡಿಯನ್ನು ಇನ್ನೊಂದು ಓದುವುದು ಅಪರೂಪವೇನಲ್ಲ. ಹಳೆಯ ಡೆಸ್ಕ್‌ಟಾಪಿನ ಡ್ರೈವು ಸಿಕ್ಕರೆ ಮೊದಲು ಅದರಲ್ಲಿಯೇ ಪ್ರಯತ್ನಿಸಿ.

ಲಕ್ಷ್ಮೇಶ್ವರ ಮಾಸ್ತರ

ಮೂವರಿಗೂ ಕೃತಜ್ಞತೆಗಳು. ಹತ್ತು ದಿನ ಇದರಲ್ಲಿಯೇ ಮುಳುಗಿದ್ದೆ, ಆದ್ದರಿಂದ ಉತ್ತರ ತಡವಾಯಿತು.

ಪೆನ್‌ಡ್ರೈವಿನ ಎರಡನೆಯ ಟಿಕ್ ತೆಗೆದ ಕೂಡಲೇ ಎಲ್ಲ ಫೋಲ್ಡರುಗಳೂ ಮಸುಕಾಗಿ ಎದ್ದುನಿಂತವು. ಹೆಚ್ಚಿನವು ಸಿಡಿಯಲ್ಲಿದ್ದ ಫೈಲುಗಳೇ, ಆದರೆ ಪುಸ್ತಕದ ಮುನ್ನುಡಿ ಇಲ್ಲಿ ಮಾತ್ರ ಇತ್ತು. 15 ಫೈಲುಗಳಲ್ಲಿ 14ರ ಫಾಂಟು ನುಡಿ ಎಂದಿತ್ತು. ಓರೆಗೆರೆಯ ಎ ಅಕ್ಷರವೂ ಹೇಳಿದಂತೆಯೇ ಎಲ್ಲೆಡೆ ಕಂಡಿತು. ಪರಿವರ್ತನೆಯಾದ ಮೊದಲ ಬೀಸುವ ಪದವನ್ನು ಪರದೆಯ ಮೇಲೆ ಓದುವಾಗ ಅದನ್ನು ಹೇಳಿದ ಅಜ್ಜಿಯ ದನಿಯೇ ಕೇಳಿದಂತಾಯಿತು. ಒಂದು ಫೈಲಿನ ಫಾಂಟು ಮಾತ್ರ ಶ್ರೀ ಎಂದು ಆರಂಭವಾಗುತ್ತದೆ, ಅದನ್ನು ಮುಟ್ಟದೆ ಇಟ್ಟಿದ್ದೇನೆ.

ತೆರೆಯದ ಎಂಟರ ಪೈಕಿ 3 ಫೈಲುಗಳು ತಡೆ ತೆಗೆದ ಕೂಡಲೇ ತೆರೆದವು. 2 ಫೈಲುಗಳನ್ನು ವರ್ಡ್ ರಿಪೇರಿ ಮಾಡಲಾರದೆ ಬಿಟ್ಟಿತು, ಲಿಬ್ರೆ ಆಫೀಸು ತೆರೆಯಿತು. ಒಂದು ಮೊಮ್ಮಗನ ಪ್ರಯೋಗದ ಫೈಲು, ಅದಕ್ಕೆ ಹಳೆಯ ಬಾಲವನ್ನು ಮರಳಿಸಿದ್ದೇನೆ. ಉಳಿದ 2 ಸೊನ್ನೆ ಕೆಬಿ. ಪೆನ್‌ಡ್ರೈವಿನಲ್ಲಿಯೂ ಅವು ಸೊನ್ನೆಯೇ. ಎರಡನೆಯ ಸಿಡಿಯನ್ನು ನಾವು ಕಲಿಸುತ್ತಿದ್ದ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಹಾಕಿದಾಗ ಫೈಲುಗಳ ಪಟ್ಟಿ ಬಂತು; ಅದರಲ್ಲಿದ್ದುದು ಹಳ್ಳಿಗಳಲ್ಲಿ ತೆಗೆದ ಫೋಟೋಗಳು, ಅರ್ಧದಷ್ಟು ಮಾತ್ರ ನಕಲಾದವು.

ಈಗ ಉಳಿದಿರುವ ಪ್ರಶ್ನೆಗಳು ಎರಡು. ಪೇಜ್‌ಮೇಕರ್ ಫೈಲುಗಳನ್ನು ಏನು ಮಾಡಬೇಕು? ಇನ್ನೊಂದು, ಹಾಡುಗಳೆಲ್ಲ ಚೆನ್ನಾಗಿ ಪರಿವರ್ತನೆಯಾದರೂ ಮುನ್ನುಡಿಯ ಗದ್ಯದಲ್ಲಿ ಅಲ್ಲಲ್ಲಿ ಮ ಇರಬೇಕಾದ ಕಡೆ ಸಾಲಿನ ಕೊನೆಗೆ ವ ಉಳಿದು, ಮುಂದಿನ ಸಾಲಿನ ಆರಂಭದಲ್ಲಿ ಒಂದು ಅನಾಥ ಕೊಂಬು ನಿಂತಿದೆ. ಇಂಗ್ಲಿಷ್ ಹೆಸರುಗಳಿದ್ದಲ್ಲಿ ಅರ್ಥವಿಲ್ಲದ ಕನ್ನಡ ಬಂದಿದೆ. ಇದು ಫೈಲು ಹಾಳಾದುದರ ಲಕ್ಷಣವೇ?

ಹಳೆ ಮೊಳೆ, ಹುಬ್ಬಳ್ಳಿ

ಮಾಸ್ತರರೇ, ಅದು ಫೈಲಿನ ದೋಷವಲ್ಲ, ನಮ್ಮಂತಹ ಡಿಟಿಪಿಯವರ ಕೈಚಳಕದ ಫಲ. ನುಡಿಯ ಹಳೆಯ ಫಾಂಟಿನಲ್ಲಿ ಮ ಒಂದೇ ಅಕ್ಷರವಲ್ಲ. ತಲೆಕಟ್ಟಿಲ್ಲದ ವ, ಅದಕ್ಕೊಂದು ತಲೆಕಟ್ಟು, ಮುಂದೊಂದು ಕೊಂಬು, ಹೀಗೆ ಮೂರು ತುಂಡುಗಳನ್ನು ಜೋಡಿಸಿದರೆ ಮ. ಯ ಅಕ್ಷರವಂತೂ ಅನುಸ್ವಾರದ ಸೊನ್ನೆಯಿಂದ ಆರಂಭವಾಗಿ ನಾಲ್ಕು ತುಂಡುಗಳಾಗುತ್ತದೆ. ಮೊಳೆ ಜೋಡಿಸುವ ಕಾಲದ ಬುದ್ಧಿಯೇ ಕಂಪ್ಯೂಟರಿಗೂ ಬಂದಿತ್ತು ಎಂದು ನನಗೆ ಅನಿಸುತ್ತದೆ. ಈ ತುಂಡುಗಳು ಒಂದರ ಪಕ್ಕ ಒಂದು ಇದ್ದಾಗ ಮಾತ್ರ ಪರಿವರ್ತಕಕ್ಕೆ ಅದು ಮ ಎಂದು ತಿಳಿಯುತ್ತದೆ. ಸಾಲು ಹಿಡಿಸಲು ನಾವು ನಡುವೆ ಎಂಟರ್ ಒತ್ತಿರುತ್ತಿದ್ದೆವು, ಆಗ ಅಕ್ಷರದ ಮುಂಡ ಒಂದು ಸಾಲಿಗೆ, ಕಾಲು ಇನ್ನೊಂದು ಸಾಲಿಗೆ ಹೋಗುತ್ತಿತ್ತು. ಹಾಡುಗಳಲ್ಲಿ ಸಾಲು ಚಿಕ್ಕದಾದ್ದರಿಂದ ಅದರ ಅಗತ್ಯ ಬೀಳಲಿಲ್ಲ. ಆದ್ದರಿಂದ ಮುನ್ನುಡಿಯ ಮೂಲ ಪಠ್ಯದ ನಕಲಿನಲ್ಲಿ ಮೊದಲು ಆ ಅನಗತ್ಯ ಎಂಟರ್‌ಗಳನ್ನೂ ಸಾಲಿನ ಕೊನೆಯ ಅಡ್ಡಗೆರೆಗಳನ್ನೂ (ಹೈಫನ್) ತೆಗೆದು, ಆಮೇಲೆ ಪರಿವರ್ತಿಸಿ.

ಇಂಗ್ಲಿಷ್ ಹೆಸರುಗಳ ಕಥೆಯೂ ಅಷ್ಟೆ. ಪರಿವರ್ತಕಕ್ಕೆ ಬರಿಯ ಪಠ್ಯವನ್ನು ಅಂಟಿಸಿದಾಗ ಎಲ್ಲಿ ಇಂಗ್ಲಿಷ್ ಫಾಂಟು ಇತ್ತು, ಎಲ್ಲಿ ನುಡಿ ಇತ್ತು ಎಂಬ ಗುರುತು ಕಳೆದುಹೋಗುತ್ತದೆ, ಅದು ಎಲ್ಲವನ್ನೂ ನುಡಿಯೆಂದೇ ತಿಳಿಯುತ್ತದೆ. ಆ ಹೆಸರುಗಳನ್ನು ಕೈಯಿಂದ ತಿದ್ದಿ. ಕರಡು ನೋಡುವಾಗ ಇನ್ನೆರಡು ಕಡೆ ಕಣ್ಣಿಡಿ. ಒಂದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರ ಮೊದಲು ಬರಬೇಕು. ಕಾರ್ಯ, ಸೂರ್ಯ, ವರ್ಷ ಇಂತಹ ಪದಗಳಲ್ಲಿ ಪರಿವರ್ತಕ ಎಡವಿದೆಯೇ ನೋಡಿ. ಇನ್ನೊಂದು ಅಂಕಿಗಳು. ಒಂದೇ ಸಂಕೇತ ನುಡಿಯ ಒಂದು ಫಾಂಟಿನಲ್ಲಿ ಕನ್ನಡ ಅಂಕಿಯಾಗಿಯೂ ಮತ್ತೊಂದರಲ್ಲಿ ಇಂಗ್ಲಿಷ್ ಅಂಕಿಯಾಗಿಯೂ ಕಾಣುತ್ತಿದ್ದುದರಿಂದ ಪುಸ್ತಕದಲ್ಲಿ ಎರಡೂ ಬೆರೆತು ನಿಲ್ಲಬಹುದು.

ಮತ್ತೊಂದು ಮಾತು. ನೀವು 1996ರವರೆಗೆ ಸಂಗ್ರಹಿಸಿದವರು, ಗದಗ ಜಿಲ್ಲೆಯಾದದ್ದು 1997ರಲ್ಲಿ. ನಿಮ್ಮ ಟಿಪ್ಪಣಿಗಳಲ್ಲಿ ಶಿರಹಟ್ಟಿ ತಾಲೂಕಿನ ಮುಂದೆ ಧಾರವಾಡ ಜಿಲ್ಲೆ ಎಂದೇ ಇರಬೇಕು. ಫೈಂಡ್ ಆ್ಯಂಡ್ ರಿಪ್ಲೇಸ್ ಕೈಗೆ ಸಿಕ್ಕಿತೆಂದು ಅದನ್ನೆಲ್ಲ ಒಂದೇ ಏಟಿಗೆ ಬದಲಿಸಬೇಡಿ, ಧಾರವಾಡದಲ್ಲಿ ಹೇಳಿದ ಪದವೂ ಗದಗಿಗೆ ಹೋಗಿಬಿಡುತ್ತದೆ.

ಪೇಜ್‌ಮೇಕರ್ ವಿಷಯ. ಆಲ್ಡಸ್ ಕಂಪನಿಯ ಈ ತಂತ್ರಾಂಶ 1994ರಲ್ಲಿ ಅಡೋಬಿಯ ಕೈಗೆ ಬಂತು, 2001ರ 7.0 ಅದರ ಕೊನೆಯ ಆವೃತ್ತಿ. ಅಡೋಬಿಯದೇ ಆದ ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ಪೇಜ್‌ಮೇಕರ್ 6.0ರಿಂದ 7.0ರವರೆಗಿನ ಫೈಲುಗಳನ್ನು ತೆರೆಯುತ್ತಿದ್ದವು, ಅದರ ನಂತರದವು ತೆರೆಯುವುದಿಲ್ಲ. ಆದ್ದರಿಂದ ಹೊಸ ಇನ್‌ಡಿಸೈನ್ ಇರುವ ಅಂಗಡಿಗೆ ಹೋದರೆ ಫೈಲು ಕೆಟ್ಟಿದೆ ಎಂದು ಹೇಳಿ ಕಳಿಸುತ್ತಾರೆ, ನಂಬಬೇಡಿ. ಗದಗಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಲಗ್ನಪತ್ರಿಕೆ ಅಚ್ಚು ಮಾಡುವ ಯಾವುದಾದರೂ ಹಳೆಯ ಅಚ್ಚುಕೂಟದಲ್ಲಿ ಎಕ್ಸ್‌ಪಿ ಇರುವ ಕಂಪ್ಯೂಟರು ಇನ್ನೂ ಧೂಳು ತಿನ್ನುತ್ತಿರುತ್ತದೆ. ಅಲ್ಲಿ ತೆರೆಸಿ. ತೆರೆಯುವಾಗ ಫಾಂಟು ಸಿಗುತ್ತಿಲ್ಲ, ಬದಲಿ ಫಾಂಟು ಹಾಕಲೇ ಎಂದು ಕೇಳಿದರೆ ತಾತ್ಕಾಲಿಕ ಎಂಬ ಆಯ್ಕೆಯನ್ನೇ ಒತ್ತಿಸಿ, ಶಾಶ್ವತ ಎಂಬುದನ್ನು ಒತ್ತಿದರೆ ಮೂಲ ಫಾಂಟಿನ ಹೆಸರು ಹೋಗುತ್ತದೆ. ಪಠ್ಯವನ್ನು ಎಕ್ಸ್‌ಪೋರ್ಟ್ ಮಾಡಿಸಿಕೊಂಡು ಬಂದರೆ ಉಳಿದದ್ದು ಮೊದಲಿನ ಕೆಲಸವೇ.

ಸಪ್ತಾಪುರದಿಂದ, ಧಾರವಾಡ

ಎಕ್ಸ್‌ಪಿ ಕಂಪ್ಯೂಟರನ್ನು ಹುಡುಕುವ ಮುನ್ನ ಮನೆಯಲ್ಲಿಯೇ ಒಂದು ಪ್ರಯತ್ನ ಮಾಡಬಹುದು. ಈಗಾಗಲೇ ಹಾಕಿಕೊಂಡಿರುವ ಲಿಬ್ರೆ ಆಫೀಸು 2015ರ 4.4 ಆವೃತ್ತಿಯಿಂದ ಪೇಜ್‌ಮೇಕರ್ ಫೈಲುಗಳನ್ನೂ ತೆರೆಯುತ್ತದೆ. ಅದರ ಡ್ರಾ ಎಂಬ ಭಾಗದಲ್ಲಿ ಪುಟ ಬರುತ್ತದೆ. ಚೌಕಟ್ಟುಗಳು ಅತ್ತಿತ್ತ ಸರಿದಿರುತ್ತವೆ, ಚಿತ್ರಗಳು ಬಾರದಿರಬಹುದು. ಪಠ್ಯವನ್ನು ಆಯ್ದು ಪರಿವರ್ತಕಕ್ಕೆ ಕೊಡಲು ಅಷ್ಟು ಸಾಕು. ಪುಟದ ವಿನ್ಯಾಸವೂ ಬೇಕೆಂದರೆ ಹುಬ್ಬಳ್ಳಿಯ ಹಿರಿಯರು ಹೇಳಿದ ದಾರಿಯೇ ಸರಿ, ಆ ಮಾತಿನಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯ ಇರುವುದು ಒಂದೇ ಕಡೆ: ಮೂಲ ಫೈಲುಗಳನ್ನು ಪರಿವರ್ತನೆ ಮುಗಿಯುವವರೆಗೆ ಮಾತ್ರ ಕಾಪಾಡಿದರೆ ಸಾಲದು. ಪರಿವರ್ತನೆಯಾಯಿತೆಂದು ನುಡಿಯ ಮೂಲ ಫೈಲುಗಳನ್ನು ಬದಿಗೆ ಸರಿಸಬೇಡಿ. ಪುಸ್ತಕ ಅಚ್ಚಾದ ಮೇಲೂ ಅವು ಇರಲಿ, ಯಾವುದೋ ಪದದ ಅರ್ಕಾವತ್ತಿನ ಬಗ್ಗೆ ಅನುಮಾನ ಬಂದಾಗ ಸಾಕ್ಷಿ ಹೇಳುವುದು ಅವೇ. ಶ್ರೀಲಿಪಿಯ ಫೈಲಿಗೆ ಆ ತಂತ್ರಾಂಶವನ್ನು ಇನ್ನೂ ಬಳಸುವ ಪತ್ರಿಕೆ ಅಥವಾ ಅಚ್ಚುಕೂಟದವರನ್ನು ಕೇಳಿ, ಅವರಲ್ಲಿ ಅದರದೇ ಪರಿವರ್ತಕ ಇರುತ್ತದೆ. ಹಳೆಯ ಇಮೇಲನ್ನು ನೋಡಿದಿರಾ?

ಹಾವೇರಿ ಏಲಕ್ಕಿ

ಹೊಸದಾಗಿ ಟೈಪು ಮಾಡಿಸಿ ಎಂದ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮ ಅಕ್ಷರದಲ್ಲಿ ಮೂರು ತುಂಡುಗಳಿದ್ದ ಸಂಗತಿ ನನಗೂ ಇವತ್ತೇ ತಿಳಿದದ್ದು.

ಲಕ್ಷ್ಮೇಶ್ವರ ಮಾಸ್ತರ

ಲಿಬ್ರೆ ಆಫೀಸಿನಲ್ಲಿ ಪೇಜ್‌ಮೇಕರ್ ಫೈಲುಗಳು ತೆರೆದವು, ಮೊಮ್ಮಗ ಹೆಸರು ಬದಲಿಸಿದ್ದೂ ಸೇರಿ. ಎರಡರಲ್ಲಿ ಸಾಲುಗಳು ಒಂದರ ಮೇಲೊಂದು ಬಿದ್ದಿವೆ, ಅವನ್ನು ಬೆಟಗೇರಿಯ ಒಂದು ಅಚ್ಚುಕೂಟದಲ್ಲಿ ಹಳೆಯ ಕಂಪ್ಯೂಟರಿನ ಮೇಲೆ ತೆರೆದುಕೊಡಲು ಒಪ್ಪಿದ್ದಾರೆ. ಮುನ್ನುಡಿಯ ಎಂಟರ್‌ಗಳನ್ನು ತೆಗೆದು ಮತ್ತೆ ಪರಿವರ್ತಿಸಿದಾಗ ಎಲ್ಲ ಮ ಅಕ್ಷರಗಳೂ ಸ್ವಸ್ಥಾನಕ್ಕೆ ಬಂದವು. ಧಾರವಾಡ ಜಿಲ್ಲೆಯನ್ನು ಹಾಗೆಯೇ ಬಿಟ್ಟು ಅಡಿಟಿಪ್ಪಣಿ ಹಾಕಿದ್ದೇನೆ.

ಹಳೆಯ ಇಮೇಲಿನ ಪಾಸ್‌ವರ್ಡ್ ಮರೆತಿತ್ತು, ಮಗಳ ಮೊಬೈಲಿಗೆ ಬಂದ ಸಂಖ್ಯೆಯಿಂದ ಅದನ್ನು ಬಿಡಿಸಿಕೊಂಡೆ. 2008ರ ಒಂದು ಪತ್ರದ ಜೊತೆಗೆ ಸೊನ್ನೆ ಕೆಬಿ ಫೈಲುಗಳಲ್ಲಿ ಒಂದರ ಕರಡು ಪಿಡಿಎಫ್ ರೂಪದಲ್ಲಿ ಇತ್ತು. ಪರದೆಯ ಮೇಲೆ ಸ್ವಚ್ಛ ಕನ್ನಡ, ಆಯ್ದು ನಕಲು ಮಾಡಿದರೆ ಮತ್ತೆ ಅದೇ ಓರೆಗೆರೆಯ ಎ. ಈ ಸಲ ಗಾಬರಿಯಾಗದೆ ನೇರವಾಗಿ ಪರಿವರ್ತಕಕ್ಕೆ ಹಾಕಿದೆ, ಬಂತು.

ಇನ್ನೊಂದು ಫೈಲು ಎಲ್ಲಿಯೂ ಸಿಗಲಿಲ್ಲ. ಅದರಲ್ಲಿದ್ದುದು 14 ಜೋಗುಳಗಳು. ಗೆದ್ದಲು ಬಿಟ್ಟ ನೋಟುಬುಕ್ಕಿನಲ್ಲಿ 9 ಉಳಿದಿವೆ, ಅವನ್ನು ದಿನಕ್ಕೊಂದರಂತೆ ನಾನೇ ಯುನಿಕೋಡಿನಲ್ಲಿ ಟೈಪು ಮಾಡುತ್ತಿದ್ದೇನೆ.